ಓದುತ್ತಿರುವಾಗಲೇ ಮಗು: ಜರ್ಮನಿಗೆ ಹೊಸದಾಗಿ ಬಂದವರಿಗೆ ದುಡ್ಡಿನ ಲೆಕ್ಕ

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು, ಹೆರಿಗೆಗೆ ಮುಂಚೆ ತೊಟ್ಟಿಲು ಮನೆಗೆ ತರಬಾರದು. ಉಪ್ಪಿನಕಾಯಿ ಡಬ್ಬಿಯ ಜೊತೆ ಈ ಪದ್ಧತಿಗಳನ್ನೂ ಕಟ್ಟಿಕೊಂಡೇ ನಾವೆಲ್ಲ ಬಂದಿರುತ್ತೇವೆ. ನೆಂಟರಿಗೆ ಹೇಳದಿದ್ದರೆ ಪರವಾಗಿಲ್ಲ, ಇಲ್ಲಿನ ನಮ್ಮ ಸಂಘದ ವಾಟ್ಸಾಪ್ ಗುಂಪಿಗಂತೂ ಹೇಳಲೇಬೇಡಿ. ಆದರೆ ಕಚೇರಿಗಳಿಗೆ ಹೇಳದೆ ಕೂತರೆ ಬರಬೇಕಾದ ಹಣ ಬರುವುದಿಲ್ಲ.

ಹೆರಿಗೆಗೆ ಮುಂಚೆಯೇ ಕೇಳಬೇಕಾದ ಹಣ

‘ಮುಟರ್ ಉಂಡ್ ಕಿಂಡ್’ (ತಾಯಿ ಮತ್ತು ಮಗು) ಎಂಬ ಜರ್ಮನಿಯ ಕೇಂದ್ರ ಸರ್ಕಾರದ ಪ್ರತಿಷ್ಠಾನವಿದೆ. ಕೈಯಲ್ಲಿ ಕಾಸಿಲ್ಲದ ಗರ್ಭಿಣಿಯರಿಗೆ ಬಸುರಿ ಬಟ್ಟೆ, ಮಗುವಿನ ಹಾಸಿಗೆ, ತಳ್ಳುಗಾಡಿ ಇಂಥವುಗಳಿಗೆ ನೆರವು ಕೊಡುತ್ತದೆ. ಇಲ್ಲಿ ವಾಸವಿದ್ದರೆ ಸಾಕು, ಯಾವ ದೇಶದವರು ಎಂದು ನೋಡುವುದಿಲ್ಲ. ಇದು ಸಾಲವಲ್ಲ, ತೀರಿಸಬೇಕಾಗಿಲ್ಲ. ಕೊಟ್ಟೇ ಕೊಡುತ್ತಾರೆ ಎನ್ನುವ ಹಕ್ಕೂ ಅಲ್ಲ. ಅರ್ಜಿ ಮಾತ್ರ ಮಗು ಹುಟ್ಟುವ ಮೊದಲೇ ಹೋಗಿರಬೇಕು. ಹುಟ್ಟಿದ ಮಾರನೇ ದಿನ ಹೋದರೂ ಪ್ರಯೋಜನವಿಲ್ಲ.

ಪ್ರತಿಷ್ಠಾನಕ್ಕೆ ನೇರವಾಗಿ ಬರೆಯುವಂತಿಲ್ಲ. ಕಾರಿಟಾಸ್, ಡಿಯಾಕೊನಿ, ಪ್ರೊ ಫಮಿಲಿಯಾ, ಆವೊ ಮುಂತಾದ ಸೇವಾ ಸಂಸ್ಥೆಗಳು ನಡೆಸುವ ಗರ್ಭಿಣಿಯರ ಸಲಹಾ ಕೇಂದ್ರಕ್ಕೆ ಹೋಗಬೇಕು. ಕಾರಿಟಾಸ್ ಚರ್ಚಿನದು ಎಂದು ಹಿಂಜರಿಯಬೇಡಿ, ನಿಮ್ಮ ದೇವರ ಬಗ್ಗೆ ಅಲ್ಲಿ ಯಾರೂ ವಿಚಾರಿಸುವುದಿಲ್ಲ. ಸಲಹೆಗೆ ಶುಲ್ಕವಿಲ್ಲ, ಗುಟ್ಟು ಹೊರಗೆ ಹೋಗುವುದೂ ಇಲ್ಲ. “ಇನ್ನೊಬ್ಬರ ಮುಂದೆ ಕೈಚಾಚುವುದೇ?” ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಸ್ವಾಭಿಮಾನ ಒಳ್ಳೆಯದೇ. ಆದರೆ ಆಮೇಲೆ ಅಪ್ಪನಿಗೆ ಫೋನ್ ಮಾಡಿ ಊರಿನಿಂದ ದುಡ್ಡು ತರಿಸಿಕೊಳ್ಳುವಾಗ ಆ ಸ್ವಾಭಿಮಾನ ಎಲ್ಲಿರುತ್ತದೆ?

ವಿಮೆ

ಟಿಕೆ, ಎಒಕೆ, ಬಾರ್ಮರ್‌ನಂಥ ಸರ್ಕಾರಿ ಮಾದರಿಯ ಕ್ರಾಂಕೆನ್‌ಕಾಸೆಯಲ್ಲಿ (ಆರೋಗ್ಯ ವಿಮಾ ಸಂಸ್ಥೆ) ಇದ್ದರೆ ತಪಾಸಣೆ, ಹೆರಿಗೆ, ಮನೆಗೆ ಬರುವ ಹೆಬಾಮೆ (ಸೂಲಗಿತ್ತಿ) ಎಲ್ಲವೂ ಅದರಲ್ಲೇ ಸೇರಿರುತ್ತದೆ. ತಿಂಗಳಿಗೆ ಒಂದಷ್ಟು ಯೂರೋ ಉಳಿಯುತ್ತದೆಂದು ಅಗ್ಗದ ಖಾಸಗಿ ವಿಮೆ ಹಿಡಿದವರು ನಮ್ಮಲ್ಲಿದ್ದಾರೆ. ಅಂಥ ಪಾಲಿಸಿಗಳಲ್ಲಿ ಹೆರಿಗೆಗೆ ಕಾಯುವ ಅವಧಿ ಇರಬಹುದು, ಪಾಲಿಸಿಗೆ ಮುಂಚೆ ನಿಂತ ಬಸಿರಿಗೆ ಏನೂ ಸಿಗದಿರಬಹುದು. ಓದು ಶುರುವಾಗುವಾಗ ಸರ್ಕಾರಿ ಮಾದರಿ ಬೇಡವೆಂದು ಬರೆದುಕೊಟ್ಟರೆ ಆ ಓದು ಮುಗಿಯುವವರೆಗೆ ಹಿಂತೆಗೆಯಲಾಗದು. ದಯವಿಟ್ಟು, ಏಜೆಂಟರ ಮಾತು ಕೇಳಿ ಸಹಿ ಹಾಕುವ ಮೊದಲು ನಮ್ಮಲ್ಲಿ ಯಾರನ್ನಾದರೂ ಕೇಳಿ.

ಹೆಬಾಮೆಯನ್ನು ಹುಡುಕಲು ಏಳನೇ ತಿಂಗಳವರೆಗೆ ಕಾಯಬೇಡಿ. ಸಿಗುವುದಿಲ್ಲ.

ಯೂನಿವರ್ಸಿಟಿ ಮತ್ತು ಕೆಲಸ

2018ರ ಜನವರಿಯಿಂದ ಮುಟರ್‌ಶುಟ್ಸ್ ಅಂದರೆ ಗರ್ಭಿಣಿ, ಬಾಣಂತಿಯರ ರಕ್ಷಣೆಯ ಕಾನೂನು ವಿದ್ಯಾರ್ಥಿನಿಯರಿಗೂ ಅನ್ವಯ: ರಕ್ಷಣೆಯ ಅವಧಿ ಹೆರಿಗೆಗೆ ಮುಂಚೆ 6 ವಾರ, ನಂತರ 8 ವಾರ. ಅವಳಿ ಅಥವಾ ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ನಂತರದ್ದು 12 ವಾರ. ಆಗ ಪರೀಕ್ಷೆ ಬರೆಯಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ, ನೀವಾಗಿ ಬರೆಯುತ್ತೇನೆಂದರೆ ಬರೆಯಬಹುದು.

ಪಾರ್ಟ್ ಟೈಮ್ ಕೆಲಸವಿದ್ದು ಕ್ರಾಂಕೆನ್‌ಕಾಸೆಯಲ್ಲಿ ಸ್ವಂತ ಸದಸ್ಯತ್ವವಿದ್ದರೆ ಈ ವಾರಗಳಿಗೆ ದಿನಕ್ಕೆ 13 ಯೂರೋವರೆಗೆ ಸಿಗುತ್ತದೆ. ಸಂಬಳ ಅದಕ್ಕಿಂತ ಹೆಚ್ಚಿದ್ದರೆ ಉಳಿದದ್ದನ್ನು ಕೆಲಸ ಕೊಟ್ಟವರು ತುಂಬುತ್ತಾರೆ. ಗಂಡನ ವಿಮೆಯಲ್ಲಿ ಸೇರಿಕೊಂಡು ಮಿನಿಜಾಬ್ (ಕಡಿಮೆ ಸಂಬಳದ ಸಣ್ಣ ಕೆಲಸ) ಮಾಡುವವರಿಗೆ ಒಂದೇ ಸಲ, 210 ಯೂರೋವರೆಗೆ.

ಮದುವೆ ಪತ್ರ, ಹೆಸರು

ಹುಟ್ಟಿದ ಮೇಲಿನ ಅರ್ಜಿಗಳಿಗೆ ಸಾಮಾನ್ಯವಾಗಿ ಮಗುವಿನ ಜನನ ಪತ್ರ ಬೇಕು, ಅದನ್ನು ಕೊಡುವುದು ಸ್ಟಾಂಡೆಸಾಮ್ಟ್, ಅಂದರೆ ಜನನ, ಮದುವೆ ನೋಂದಣಿ ಕಚೇರಿ. ನಮ್ಮವರ ಗಾಡಿ ನಿಲ್ಲುವುದೇ ಇಲ್ಲಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ, ಮದುವೆ ಪತ್ರದಲ್ಲಿ ಇನಿಷಿಯಲ್, ಮಾರ್ಕ್ಸ್ ಕಾರ್ಡಿನಲ್ಲಿ ಊರಿನ ಹೆಸರು. ಮೂರೂ ಒಬ್ಬರೇ ಎಂದು ನಮಗೆ ಗೊತ್ತು, ಅಲ್ಲಿನ ಗುಮಾಸ್ತರಿಗೆ ಗೊತ್ತಾಗಬೇಕಲ್ಲ! ಛತ್ರದ ಫೋಟೊ, ಲಗ್ನಪತ್ರಿಕೆ ನಡೆಯುವುದಿಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರವೇ ಬೇಕು. ಅದನ್ನು ಹೇಗೆ ದೃಢೀಕರಿಸಬೇಕು, ಯಾವ ಅನುವಾದಕರು ನಡೆಯುತ್ತಾರೆ ಎಂದು ಐದನೇ ತಿಂಗಳಲ್ಲೇ ನಿಮ್ಮೂರಿನ ಸ್ಟಾಂಡೆಸಾಮ್ಟ್‌ಗೆ ಹೋಗಿ ಕೇಳಿ.

ಜನನವನ್ನು ಒಂದು ವಾರದೊಳಗೆ ತಿಳಿಸಬೇಕು, ಸಾಮಾನ್ಯವಾಗಿ ಆಸ್ಪತ್ರೆಯವರೇ ತಿಳಿಸುತ್ತಾರೆ. ಹೆಸರು ಕೊಡಲು ಒಂದು ತಿಂಗಳವರೆಗೆ ಅವಕಾಶವಿದೆ. ಹನ್ನೊಂದನೇ ದಿನದ ನಾಮಕರಣಕ್ಕೆ ಧಾರಾಳವಾಗಿ ಸಮಯವಿದೆ, ಜೋಯಿಸರನ್ನು ಅವಸರಪಡಿಸಬೇಡಿ.

ಹುಟ್ಟಿದ ಮೇಲೆ

- ಕಿಂಡರ್‌ಗೆಲ್ಟ್ (ಮಕ್ಕಳ ಭತ್ಯೆ): 2025ರಲ್ಲಿ ತಿಂಗಳಿಗೆ 255 ಯೂರೋ, 2026ರ ಜನವರಿಯಿಂದ 259. ಅರ್ಜಿ ತಡವಾದರೆ ಹಿಂದಿನ ಆರು ತಿಂಗಳದ್ದು ಮಾತ್ರ ಸಿಗುತ್ತದೆ.
- ಎಲ್ಟರ್ನ್‌ಗೆಲ್ಟ್ (ಮಗು ನೋಡಿಕೊಳ್ಳುವ ಪೋಷಕರ ಭತ್ಯೆ): ಆದಾಯವೇ ಇಲ್ಲದಿದ್ದರೂ ತಿಂಗಳಿಗೆ 300 ಯೂರೋ. ಅರ್ಜಿ ತಡವಾದರೆ ಹಿಂದಿನ ಮೂರು ತಿಂಗಳದ್ದು ಮಾತ್ರ. ಓದು ನಿಲ್ಲಿಸಬೇಕಾಗಿಲ್ಲ.
- ಸ್ಟುಡಿಯರೆಂಡೆನ್‌ವೆರ್ಕ್ (ವಿದ್ಯಾರ್ಥಿ ಸೇವಾ ಸಂಸ್ಥೆ): ಕೀಟಾ (ಶಿಶುವಿಹಾರ), ಕುಟುಂಬದ ಕೊಠಡಿ, ಕೆಲವೆಡೆ ಮೆನ್ಸಾದಲ್ಲಿ (ಯೂನಿವರ್ಸಿಟಿ ಕ್ಯಾಂಟೀನ್) ಮಗುವಿಗೆ ಉಚಿತ ಊಟ.

ಒಂದು ಷರತ್ತು. ವಿದ್ಯಾರ್ಥಿ ಪರವಾನಗಿ ಅಂದರೆ 16ಬಿ ಇರುವವರಿಗೆ ಮೇಲಿನ ಮೊದಲೆರಡೂ ಸಿಗಬೇಕಾದರೆ ಕೆಲಸದಲ್ಲಿರಬೇಕು ಅಥವಾ ಕೆಲಸದಿಂದ ಪೋಷಕ ರಜೆಯಲ್ಲಿರಬೇಕು. ಗಂಡ ಬ್ಲೂ ಕಾರ್ಡಿನಲ್ಲಿದ್ದರೆ (ಪದವೀಧರರ ಕೆಲಸದ ಪರವಾನಗಿ) ಕಿಂಡರ್‌ಗೆಲ್ಟ್ ಅರ್ಜಿ ಅವರ ಹೆಸರಿನಲ್ಲಿ ಹಾಕಿ.

“ಇವನ್ನು ತಗೊಂಡರೆ ವೀಸಾ ಹೋಗುತ್ತದಂತೆ” ಎಂಬ ಗಾಳಿಮಾತು ನಂಬಬೇಡಿ. ಕಿಂಡರ್‌ಗೆಲ್ಟ್, ಎಲ್ಟರ್ನ್‌ಗೆಲ್ಟ್ ಎರಡನ್ನೂ ಕಾನೂನು ವೀಸಾಗೆ ತೊಡಕಾಗುವ ಸರ್ಕಾರಿ ನೆರವೆಂದು ಎಣಿಸುವುದಿಲ್ಲ. ಜಾಬ್‌ಸೆಂಟರ್ ಎಂಬ ಸರ್ಕಾರಿ ಕಚೇರಿ ಕೊಡುವ ಜೀವನ ನಿರ್ವಹಣೆಯ ನೆರವು (ಬ್ಯುರ್ಗರ್‌ಗೆಲ್ಟ್ ಎಂದು ಕರೆಯುತ್ತಾ ಬಂದದ್ದು) ಮಾತ್ರ ಬೇರೆ ಕಥೆ. ಸಲಹಾ ಕೇಂದ್ರದವರನ್ನು ಕೇಳದೆ ಆ ಅರ್ಜಿ ಮುಟ್ಟಬೇಡಿ.

ಬಾಣಂತನ

ಅಮ್ಮನನ್ನು ಕರೆಸಿಕೊಳ್ಳುವವರು ನೆನಪಿಡಿ: ಷೆಂಗೆನ್ ವೀಸಾ 90 ದಿನಕ್ಕೆ ಮಾತ್ರ, 30,000 ಯೂರೋ ವಿಮೆ ಕಡ್ಡಾಯ. ಅಮ್ಮನನ್ನು ಕರೆಸಿಕೊಳ್ಳಲಾಗದವರ ಮನೆಗೆ ಸಂಘದ ಹೆಂಗಸರು, ಈಗೀಗ ಗಂಡಸರೂ, ಸರದಿಯಲ್ಲಿ ಊಟ ತಲುಪಿಸುತ್ತಾರೆ. ಬೆಳ್ಳುಳ್ಳಿ ಮೆಣಸಿನ ಸಾರು ಎಷ್ಟು ಖಾರ ಇರಬೇಕೆಂದು ಮೊದಲೇ ತಿಳಿಸಿ.