ಬೇಸಿಗೆ ನಾಲ್ಕು ತಿಂಗಳು ಕಾಡು ಕಾಯುವ ಕೆಲಸ: ಬನ್ನೇರುಘಟ್ಟದಲ್ಲಿ ಫೈರ್ ವಾಚರ್ ಆಗುವುದು ಹೇಗೆ?

ಮಾರ್ಚ್ ತಿಂಗಳ ಮಧ್ಯಾಹ್ನ ಬನ್ನೇರುಘಟ್ಟ ಕಾಡಿನ ಬಂಡೆಯೊಂದರ ಮೇಲೆ ನಿಂತರೆ ಉತ್ತರಕ್ಕೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳು ಕಾಣುತ್ತವೆ. ದಕ್ಷಿಣಕ್ಕೆ ತಿರುಗಿದರೆ ಎಲೆ ಉದುರಿಸಿ ನಿಂತ ಕಾಡು, ನಡುನಡುವೆ ಉರಿಯುವಂತೆ ಅರಳಿದ ಮುತ್ತುಗದ ಮರಗಳು. ಕಾಲ ಕೆಳಗೆ ತರಗೆಲೆ ಹಪ್ಪಳದ ಹಾಗೆ ಮುರಿಯುತ್ತದೆ. ಒಂದು ಬೀಡಿ ತುಂಡು ಸಾಕು.

ನಾನು ಎರಡು ಬೇಸಿಗೆ ಈ ಕಾಡಿನಲ್ಲಿ ಬೆಂಕಿ ಕಾವಲಿಗೆ ನಿಂತಿದ್ದೇನೆ. ಮೆಜೆಸ್ಟಿಕ್‌ನಿಂದ 365 ನಂಬರ್ ಬಸ್ ಹತ್ತಿದರೆ ತಲುಪುವಷ್ಟು ಹತ್ತಿರದಲ್ಲಿ ಇಂಥದ್ದೊಂದು ಕೆಲಸ ಇದೆ ಅನ್ನುವುದೇ ನಗರದ ಬಹಳ ಜನಕ್ಕೆ ಗೊತ್ತಿಲ್ಲ. ಮಾಡಬೇಕು ಅನ್ನುವವರಿಗಾಗಿ, ಎಲ್ಲಿಂದ ಶುರು ಮಾಡಬೇಕು ಎಂದು ಇಲ್ಲಿ ಹೇಳುತ್ತೇನೆ.

ಕೇಳುವ ಮುಂಚೆ ಹುದ್ದೆಯ ಹೆಸರು ತಿಳಿದಿರಲಿ

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಬೇಸಿಗೆಗೆಂದೇ ರೇಂಜರ್‌ಗಳನ್ನು ತೆಗೆದುಕೊಳ್ಳುತ್ತಾರೆ. ಅಲ್ಲಿ ಬೇಸಿಗೆ ಅಂದರೆ ಪ್ರವಾಸಿಗರ ಕಾಲ. ನಮ್ಮಲ್ಲಿ ಬೇಸಿಗೆ ಅಂದರೆ ಬೆಂಕಿಯ ಕಾಲ. ಕರ್ನಾಟಕದಲ್ಲಿ ರೇಂಜರ್ ಎಂದರೆ ವಲಯ ಅರಣ್ಯಾಧಿಕಾರಿ, ಜನರ ಬಾಯಲ್ಲಿ ಆರ್‌ಎಫ್‌ಓ. ಅದು ಪರೀಕ್ಷೆ ಬರೆದು ಸೇರುವ ಕಾಯಂ ಹುದ್ದೆ. ಅವರ ಕೆಳಗೆ ಫಾರೆಸ್ಟರ್, ಆಮೇಲೆ ಬೀಟ್ (ಕಾವಲಿಗೆಂದು ಹಂಚಿಕೊಟ್ಟ ಕಾಡಿನ ಭಾಗ) ನೋಡುವ ಗಾರ್ಡ್, ಆಮೇಲೆ ವಾಚರ್. ಬೇಸಿಗೆಗೆ ಮಾತ್ರ ದಿನಗೂಲಿ ಮೇಲೆ ಬರುವವರು ಫೈರ್ ವಾಚರ್‌ಗಳು.

ಇವರಲ್ಲಿ ಹೆಚ್ಚಿನವರು ಕಾಡಂಚಿನ ಹಳ್ಳಿಯವರು. ಇರುಳಿಗ ಸಮುದಾಯದವರೂ ಇದ್ದಾರೆ. ಕಾಡಿನ ಪ್ರತಿ ಹಳ್ಳ, ಪ್ರತಿ ಕಾಲುದಾರಿ ಅವರಿಗೆ ಗೊತ್ತು. ಕೂಲಿಯ ಜಾಗ ಮೊದಲು ಅವರಿಗೇ ಸಿಗುವುದು ನ್ಯಾಯ. ನಗರದಿಂದ ಹೋಗುವ ನಾವು ಸ್ವಯಂಸೇವಕರಾಗಿ ಜೊತೆಗೆ ನಿಲ್ಲುವುದೇ ಸರಿ ಅಂತ ನನ್ನ ಅಭಿಪ್ರಾಯ. ನಾನು ಮೊದಲ ವರ್ಷ ಹಾಗೆಯೇ ಹೋಗಿದ್ದು. ಎರಡನೇ ವರ್ಷ ಆಳು ಸಾಲದೆ ಇಲಾಖೆಯವರೇ ಕರೆದು ಕೂಲಿ ಪಟ್ಟಿಗೆ ಸೇರಿಸಿಕೊಂಡರು.

ಡಿಸೆಂಬರ್‌ನಲ್ಲೇ ವಲಯ ಕಚೇರಿಗೆ ಹೋಗಿ

ಪತ್ರಿಕೆಯಲ್ಲಿ ಜಾಹೀರಾತು ಬರುತ್ತದೆ ಎಂದು ಕಾಯಬೇಡಿ. ಬನ್ನೇರುಘಟ್ಟ 1974ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಈಗ ಅದರ ವಿಸ್ತಾರ ಸುಮಾರು 260 ಚದರ ಕಿಲೋಮೀಟರ್. ಬನ್ನೇರುಘಟ್ಟ, ಆನೇಕಲ್, ಹಾರೋಹಳ್ಳಿ, ಕೋಡಿಹಳ್ಳಿ ಎಂದು ವಲಯಗಳಿವೆ. ಸಫಾರಿ ಮತ್ತು ಮೃಗಾಲಯ ನಡೆಸುವ ಜೈವಿಕ ಉದ್ಯಾನದ ಆಡಳಿತ ಬೇರೆ. ಸಫಾರಿ ಟಿಕೆಟ್ ಕೌಂಟರಿನಲ್ಲಿ ನಿಂತು ಫೈರ್ ವಾಚರ್ ಕೆಲಸ ಕೇಳಿದರೆ ಅವರು ಏನು ಹೇಳಿಯಾರು? ನಿಮಗೆ ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ಬೆಳಿಗ್ಗೆಯೇ ಹೋಗಿ. ಹತ್ತು ಗಂಟೆ ದಾಟಿದರೆ ಎಲ್ಲರೂ ಕಾಡಿನೊಳಗೆ ಇರುತ್ತಾರೆ.

ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ, ಎರಡು ಫೋಟೊ, ಒಂದು ಸರಳ ಅರ್ಜಿ ಇಟ್ಟುಕೊಳ್ಳಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬರುತ್ತೀರಿ, ರಾತ್ರಿ ಉಳಿಯಬಲ್ಲಿರಾ, ಬೈಕ್ ಇದೆಯಾ, ಎಷ್ಟು ನಡೆಯಬಲ್ಲಿರಿ ಎಂದು ಅರ್ಜಿಯಲ್ಲೇ ಬರೆಯಿರಿ. ಕೂಲಿಗೆ ಸೇರುವವರು ದಿನಕ್ಕೆ ಎಷ್ಟು, ಯಾರು ಕೊಡುತ್ತಾರೆ, ಅಪಘಾತ ವಿಮೆ ಇದೆಯಾ ಎಂದು ಮೊದಲೇ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ನನ್ನ ಜೊತೆಗಿದ್ದವರಿಗೆ ಒಮ್ಮೆ ಗುತ್ತಿಗೆದಾರರೊಬ್ಬರಿಂದ ಎರಡು ತಿಂಗಳ ಕೂಲಿ ತಡವಾಗಿ ಬಂತು. ಹಾಜರಾತಿಯನ್ನು ತಮ್ಮದೇ ಪುಸ್ತಕದಲ್ಲಿ ಬರೆದಿಟ್ಟಿದ್ದವರು ಲೆಕ್ಕ ತೋರಿಸಿ ಪಡೆದರು, ಉಳಿದವರು ಅಲೆದಾಡಿದರು. ಒಂದು ಚಿಕ್ಕ ನೋಟ್‌ಬುಕ್ ಜೇಬಿನಲ್ಲಿರಲಿ.

ಇನ್ನೊಂದು ಮಾತು. ಅನುಮತಿ ಇಲ್ಲದೆ ರಾಷ್ಟ್ರೀಯ ಉದ್ಯಾನದೊಳಗೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸಹಾಯ ಮಾಡಲು ಬಂದೆ ಎಂದರೂ ಅಷ್ಟೇ.

ಮೈ ಪಳಗಿಸಿ, ಚೀಲ ಕಟ್ಟಿ

ಭಾರತೀಯ ಅರಣ್ಯ ಸೇವೆಗೆ ಆಯ್ಕೆಯಾಗುವ ಗಂಡಸರು ನಾಲ್ಕು ಗಂಟೆಯಲ್ಲಿ 25 ಕಿಲೋಮೀಟರ್, ಹೆಂಗಸರು 14 ಕಿಲೋಮೀಟರ್ ನಡೆದು ತೋರಿಸಬೇಕು. ಫೈರ್ ವಾಚರ್‌ಗೆ ಅಂಥ ಪರೀಕ್ಷೆ ಇಲ್ಲ. ಆದರೆ ಬಿಸಿಲಿನಲ್ಲಿ ದಿನಕ್ಕೆ 10–12 ಕಿಲೋಮೀಟರ್ ಏರಿಳಿಯುವುದು ಮಾಮೂಲು. ಒಂದು ತಿಂಗಳು ಮೊದಲೇ ವಾರಕ್ಕೆ ನಾಲ್ಕು ದಿನ ನಡೆಯಲು ಶುರು ಮಾಡಿ.

ಬಟ್ಟೆ ದಪ್ಪ ಹತ್ತಿಯದೇ ಇರಲಿ, ತೋಳು ಪೂರ್ತಿ ಮುಚ್ಚಲಿ. ನೈಲಾನ್, ಪಾಲಿಯೆಸ್ಟರ್ ಬೇಡವೇ ಬೇಡ. ಬೆಂಕಿಯ ಝಳಕ್ಕೆ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕಣಕಾಲು ಮುಚ್ಚುವ ಬೂಟು, ಮೂಗಿಗೆ ಕಟ್ಟಲು ಹತ್ತಿಯ ಟವೆಲ್, ಟಾರ್ಚ್, ಸೀಟಿ. ನೀರು ಕಡಿಮೆ ಅಂದರೂ ನಾಲ್ಕು ಲೀಟರ್. ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಬಂಡೆಯ ಮೇಲೆ ಬಿಸಿಲು ಇನ್ನೂ ಜಾಸ್ತಿ ಅನ್ನಿಸುತ್ತದೆ. ಬಾಯಾರಿದಾಗ ಕುಡಿಯೋಣ ಎಂದು ಕಾದು ಮೊದಲ ವಾರವೇ ನಾನು ತಲೆ ಸುತ್ತಿ ಕುಳಿತೆ. ಅಂದಿನಿಂದ ಅರ್ಧ ಗಂಟೆಗೊಮ್ಮೆ ಎರಡು ಗುಟುಕು. ಬೆಳಿಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಉಪ್ಪು ಹಾಕಿದ ಮಜ್ಜಿಗೆ, ಕಾಡಿಗೆ ಇವೆರಡೂ ಚೆನ್ನಾಗಿ ಒಗ್ಗುತ್ತವೆ.

ಫೈರ್ ಲೈನ್

ಬೆಂಕಿ ಆರಿಸುವ ಕೆಲಸದ ಬಹುಪಾಲು ಬೆಂಕಿ ಬೀಳುವ ಮೊದಲೇ ಮುಗಿದಿರಬೇಕು. ಕಾಡಿನ ಗಡಿಗುಂಟ, ರಸ್ತೆಯ ಎರಡೂ ಪಕ್ಕ ಹುಲ್ಲು, ಲಂಟಾನ, ತರಗೆಲೆ ತೆಗೆದು ಬರಿ ಮಣ್ಣಿನ ಪಟ್ಟಿ ಮಾಡುತ್ತಾರೆ. ಅದೇ ಫೈರ್ ಲೈನ್. ನೆಲದಲ್ಲಿ ಹರಿದು ಬಂದ ಬೆಂಕಿ ತಿನ್ನಲು ಏನೂ ಸಿಗದೆ ಅಲ್ಲೇ ನಿಲ್ಲುತ್ತದೆ. ಡಿಸೆಂಬರ್, ಜನವರಿಯಲ್ಲಿ ಈ ಕೆಲಸ ಜೋರು. ಕತ್ತರಿಸಿದ್ದನ್ನು ಬೆಳಗಿನ ಜಾವ, ಇಬ್ಬನಿ ಇನ್ನೂ ಆರದ ಹೊತ್ತಿನಲ್ಲಿ, ಗಾಳಿ ಇಲ್ಲದಾಗ, ಸಿಬ್ಬಂದಿಯ ಕಣ್ಣೆದುರೇ ಸುಡುತ್ತಾರೆ.

ಒಮ್ಮೆ ಮಾಡಿದರೆ ಮುಗಿಯಿತು ಅಂದುಕೊಳ್ಳಬೇಡಿ. ಫೆಬ್ರವರಿಯಲ್ಲಿ ಮರಗಳು ಮತ್ತೆ ಮತ್ತೆ ಎಲೆ ಉದುರಿಸುತ್ತವೆ. ಒಂದು ವಾರ ಬಿಟ್ಟರೆ ಲೈನಿನ ಮೇಲೆ ತರಗೆಲೆಯ ಸೇತುವೆ ಕಟ್ಟಿರುತ್ತದೆ. ಪೊರಕೆ, ಕೆಲವು ಕಡೆ ಪೆಟ್ರೋಲ್‌ನಲ್ಲಿ ಓಡುವ ಬ್ಲೋವರ್ ಹಿಡಿದು ಗುಡಿಸುತ್ತಲೇ ಇರಬೇಕು. ಸ್ವಯಂಸೇವಕರು ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲೇ. ಫೋಟೊ ತೆಗೆಯುವಂಥದ್ದು ಇದರಲ್ಲಿ ಏನೂ ಇಲ್ಲ, ಆದರೆ ಕಾಡು ಉಳಿಯುವುದು ಈ ಗುಡಿಸಾಟದಿಂದ.

ಹೊಗೆ ಓದುವುದನ್ನು ಕಲಿಯಿರಿ

ಕಾವಲು ಗೋಪುರದಲ್ಲೋ ಎತ್ತರದ ಬಂಡೆಯ ಮೇಲೋ ಕೂರಿಸುತ್ತಾರೆ. ಹನ್ನೊಂದರಿಂದ ಸಂಜೆ ಐದರವರೆಗೆ ಕಣ್ಣು ತೆಗೆಯುವ ಹಾಗಿಲ್ಲ. ನನಗೆ ಕಲಿಸಿದ ಹಿರಿಯ ವಾಚರ್‌ರನ್ನು ಎಲ್ಲರೂ ತಾತ ಅಂತಲೇ ಕರೆಯುತ್ತಿದ್ದರು. "ಎಲ್ಲಾ ಹೊಗೆಗೂ ಓಡ್ಬೇಡ ಮಗ. ಮೊದ್ಲು ಬಣ್ಣ ನೋಡು, ಆಮೇಲೆ ಬುಡ ನೋಡು" ಅನ್ನುತ್ತಿದ್ದರು. ಕಪ್ಪು ಹೊಗೆ ಎದ್ದರೆ ಊರಂಚಿನಲ್ಲಿ ಪ್ಲಾಸ್ಟಿಕ್ಕೋ ಟಯರೋ ಸುಡುತ್ತಿದ್ದಾರೆ. ಒಂದೇ ಜಾಗದಲ್ಲಿ ದಿನವೂ ನೆಟ್ಟಗೆ ಏಳುವುದು ಇಟ್ಟಿಗೆ ಗೂಡಿನದು. ಬುಡ ಅಗಲವಾಗುತ್ತಾ ಪಕ್ಕಕ್ಕೆ ಸರಿಯುವ ಬಿಳಿ ಬೂದು ಹೊಗೆ ಕಂಡರೆ ತಕ್ಷಣ ವಾಕಿಟಾಕಿ ಎತ್ತಿ. ಬರಿ ಸುಳಿಗಾಳಿಯ ದೂಳು ಕೂಡ ಹೊಗೆಯ ಹಾಗೇ ಕಾಣುತ್ತದೆ, ಆದರೆ ಅದು ನಿಮಿಷದಲ್ಲಿ ಕರಗುತ್ತದೆ.

ಉಪಗ್ರಹ ಇದೆಯಲ್ಲ, ಕಣ್ಣು ಯಾಕೆ ಎಂದು ಹಲವರು ಕೇಳುತ್ತಾರೆ. ಉಪಗ್ರಹದ ಎಚ್ಚರಿಕೆ ಮೊಬೈಲಿಗೆ ಬರುತ್ತದೆ, ಅದು ದೊಡ್ಡ ಸಹಾಯವೇ. ಆದರೆ ಬೆಂಕಿ ಗುರುತಿಸುವ ಉಪಗ್ರಹಗಳು ದಿನಕ್ಕೆ ಕೆಲವೇ ಸಲ ನಮ್ಮ ಮೇಲೆ ಹಾದುಹೋಗುತ್ತವೆ. ಮುಖ್ಯವಾದ ಕೆಲವು ಹಾಯುವುದು ಮಧ್ಯಾಹ್ನ ಮತ್ತು ನಡುರಾತ್ರಿ ಒಂದೂವರೆಯ ಆಸುಪಾಸು. ಮೂರು ಗಂಟೆಗೆ ಹತ್ತಿದ ಬೆಂಕಿ ಅವುಗಳ ಕಣ್ಣಿಗೆ ಬೀಳುವ ಹೊತ್ತಿಗೆ ಒಂದು ಗುಡ್ಡ ಹೋಗಿರುತ್ತದೆ.

ಬೀಡಿ, ಜೇನು, ಹಸಿ ಹುಲ್ಲು

ಬಿದಿರಿಗೆ ಬಿದಿರು ಉಜ್ಜಿ ಬೆಂಕಿ ಹತ್ತುತ್ತದೆ ಎಂದು ಚಿಕ್ಕಂದಿನಿಂದ ಕೇಳಿದ್ದೇವೆ, ಅಲ್ವಾ? ಎರಡು ಬೇಸಿಗೆಯಲ್ಲಿ ನಾನು ಕಂಡ ಒಂದೊಂದು ಬೆಂಕಿಯ ಹಿಂದೆಯೂ ಮನುಷ್ಯನ ಕೈ ಇತ್ತು. ದನ ಕಾಯುವವರು ಹೊಸ ಹುಲ್ಲು ಚಿಗುರಲಿ ಎಂದು ಹಚ್ಚುತ್ತಾರೆ. ಜೇನು ಕೀಳುವವರು ಹಿಡಿಯುವ ಸೂಡಿ, ಅಂದರೆ ಪಂಜಿನಿಂದ ಕಿಡಿ ಉದುರುತ್ತದೆ. ಯುಗಾದಿ ಮುಂಚೆ ಹೊಲದ ಬದು ಸುಡುವಾಗ ಗಾಳಿ ತಿರುಗುತ್ತದೆ. ನಗರದಿಂದ ಬಂದವರು ಕಾಡಂಚಿನಲ್ಲಿ ಕಾರು ನಿಲ್ಲಿಸಿ ಸಿಗರೇಟು ಎಸೆದು ಹೋಗುತ್ತಾರೆ.

ಹಾಗಾಗಿ ವಾಚರ್‌ನ ಕೆಲಸದಲ್ಲಿ ಮಾತು ಬಹಳ ಮುಖ್ಯ. ಫೆಬ್ರವರಿ ಶುರುವಿನಲ್ಲೇ ನಿಮ್ಮ ಬೀಟಿನ ಪಕ್ಕದ ಹಳ್ಳಿಗಳ ಟೀ ಅಂಗಡಿಯಲ್ಲಿ ಕುಳಿತುಕೊಳ್ಳಿ. ಕುರಿ ಮೇಯಿಸುವ ಅಣ್ಣನ ಹೆಸರು ತಿಳಿಯಿರಿ. ಸೌದೆಗೆ ಬರುವ ಅಕ್ಕಂದಿರನ್ನು ಮಾತಾಡಿಸಿ. ಕಾನೂನು ಹೇಳಿ ಹೆದರಿಸಿದರೆ ಮುಂದಿನ ಸಲ ಅವರು ನಿಮ್ಮ ಕಣ್ಣು ತಪ್ಪಿಸಿ ಹೋಗುತ್ತಾರೆ. "ಬದು ಸುಡೋದಿದ್ರೆ ಒಂದು ಮಾತು ಹೇಳಿ, ನಾವೂ ಬಂದು ನಿಲ್ತೀವಿ" ಅಂದರೆ ಕೇಳುತ್ತಾರೆ. ನಾವು ಹಾಗೆ ಬೆಳಿಗ್ಗೆ ಆರಕ್ಕೆ ಹೋಗಿ, ಹಸಿ ಸೊಪ್ಪು ಹಿಡಿದು ನಿಂತು, ಹಲವರ ಬದು ಸುಡಿಸಿ ಬಂದೆವು. ಆ ವರ್ಷ ಆ ದಿಕ್ಕಿನಿಂದ ಕಾಡಿಗೆ ಒಂದು ಕಿಡಿಯೂ ಬರಲಿಲ್ಲ. ನಮಗೆ ಮೊದಲು ಸುದ್ದಿ ಮುಟ್ಟಿಸುತ್ತಿದ್ದವರೂ ಆ ಕುರಿ ಕಾಯುವವರೇ.

ಬೆಂಕಿ ಬಿದ್ದಾಗ

ಮೊದಲು ಸುದ್ದಿ, ಆಮೇಲೆ ಓಟ. ಜಾಗ, ಗಾಳಿಯ ದಿಕ್ಕು, ನಿಮ್ಮ ಜೊತೆ ಎಷ್ಟು ಜನ, ಈ ಮೂರನ್ನು ಹೇಳಿ. ಒಬ್ಬರೇ ಎಂದೂ ಹೋಗಬೇಡಿ.

ಬೆಂಕಿ ಗುಡ್ಡ ಹತ್ತುವಾಗ ಬಹಳ ವೇಗ. ಅದರ ಝಳ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿಟ್ಟಿರುತ್ತದೆ. ಆದ್ದರಿಂದ ಬೆಂಕಿಯ ಮೇಲ್ಭಾಗದ ಇಳಿಜಾರಿನಲ್ಲಿ, ಅದರ ಮುಂದೆ ನಿಲ್ಲಬಾರದು. ಹಿಂದಿನಿಂದ, ಎರಡೂ ಪಕ್ಕದಿಂದ ಹಸಿ ಸೊಪ್ಪಿನ ಕೊಂಬೆಯಲ್ಲಿ ಒತ್ತಿ ಬಡಿಯುತ್ತಾ ಅಗಲ ಕಡಿಮೆ ಮಾಡಬೇಕು. ಕೊಂಬೆಯನ್ನು ಎತ್ತಿ ಎತ್ತಿ ಹೊಡೆದರೆ ಕಿಡಿ ಹಾರಿ ಇನ್ನೊಂದು ಕಡೆ ಹತ್ತುತ್ತದೆ. ಎದುರು ಬೆಂಕಿ ಕೊಡುವುದು, ಅಂದರೆ ಬರುವ ಬೆಂಕಿಯ ದಾರಿಯನ್ನು ಮೊದಲೇ ಸುಟ್ಟು ತಡೆಯುವುದು, ಅನುಭವಿ ಗಾರ್ಡ್‌ಗಳ ಕೆಲಸ, ಅದಕ್ಕೆ ನೀವು ಕೈ ಹಾಕಬೇಡಿ. ಶುರು ಮಾಡುವ ಮೊದಲೇ ತಪ್ಪಿಸಿಕೊಳ್ಳುವ ದಾರಿ ನೋಡಿಟ್ಟುಕೊಳ್ಳಿ. ಪೂರ್ತಿ ಸುಟ್ಟು ತಣ್ಣಗಾದ ಜಾಗ ಎಲ್ಲಕ್ಕಿಂತ ಸುರಕ್ಷಿತ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. ಅವರು ಕಾಡು ಬಲ್ಲವರೇ ಆಗಿದ್ದರು. ಇದನ್ನು ಪ್ರತಿ ದಿನ ನೆನಪಿಟ್ಟುಕೊಳ್ಳಿ.

ಜ್ವಾಲೆ ಆರಿದ ಮೇಲೆ ಮನೆಗೆ ಹೊರಡುವ ಆತುರ ಬೇಡ. ಒಣ ಮರದ ಬುಡ, ಬಿದಿರಿನ ಮೋಟು, ಒಣಗಿದ ಆನೆ ಲದ್ದಿ ಒಳಗೊಳಗೇ ಕೆಂಡವಾಗಿರುತ್ತವೆ. ಇಳಿಜಾರಿನಲ್ಲಿ ಉರಿಯುವ ದಿಮ್ಮಿ ಉರುಳಿ ಲೈನ್ ದಾಟಿದರೆ ಮತ್ತೆ ಮೊದಲಿಂದ ಶುರು. ಮಣ್ಣು ಮುಚ್ಚಿ, ಮಾರನೇ ದಿನ ಬೆಳಿಗ್ಗೆ ಮತ್ತೆ ಹೋಗಿ ನೋಡಿ.

ಆನೆ, ಹಾವು

ಬೇಸಿಗೆಯಲ್ಲಿ ನೀರಿರುವ ಕಡೆ ಆನೆ ಇರುತ್ತದೆ. ನೀರಿನ ಹೊಂಡಗಳ ಹತ್ತಿರ ಸಂಜೆ ಮೇಲೆ ಸುಳಿಯಬೇಡಿ. ಲದ್ದಿ ಹಸಿಯಾಗಿ ಬಿಸಿ ಇದ್ದರೆ ಸದ್ದಿಲ್ಲದೆ ಬಂದ ದಾರಿಯಲ್ಲೇ ಹಿಂತಿರುಗಿ. ಸೆಂಟು, ಪೌಡರು ಹಚ್ಚಿಕೊಂಡು ಬರಬೇಡಿ, ಗಾಳಿ ಆನೆಗೆ ಎಲ್ಲಾ ಹೇಳುತ್ತದೆ.

ಹಾವು ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲುಗಾಡಿಸದೆ ಹೊತ್ತುಕೊಂಡು ಹೋಗಿ ಆಸ್ಪತ್ರೆ ಸೇರಿಸಿ. ವಿಷ ನಿವಾರಕ ಚುಚ್ಚುಮದ್ದು ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಎಂದು ಕೆಲಸಕ್ಕೆ ಸೇರಿದ ದಿನವೇ ಗಾರ್ಡ್ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ.

ನಾಲ್ಕು ತಿಂಗಳು ಬಿಡುವಿಲ್ಲದವರು

ವಾರದ ಕೊನೆಗೆ ಮಾತ್ರ ಬರುತ್ತೇನೆ ಎಂದರೂ ಲೈನ್ ಗುಡಿಸುವ ಕೆಲಸ ಇದ್ದೇ ಇರುತ್ತದೆ. ಕನಕಪುರ ರಸ್ತೆಯ ಕಡೆಯವರಿಗೆ ತುರಹಳ್ಳಿ ಕಾಡು ಹತ್ತಿರ. ಅಲ್ಲಿ ನಡೆಯಲು ಹೋದಾಗ ಹೊಗೆ ಕಂಡರೆ ಸುಮ್ನೆ ವಿಡಿಯೊ ಮಾಡುತ್ತಾ ನಿಲ್ಲಬೇಡಿ, 112ಕ್ಕೆ ಕರೆ ಮಾಡಿ.

ಮಳೆ ಬಂದ ಮೇಲೆ

ಏಪ್ರಿಲ್ ನಡುವಿಗೆ ಅಶ್ವಿನಿ ಮಳೆ, ತಿಂಗಳ ಕೊನೆಗೆ ಭರಣಿ. ಮೊದಲ ಹನಿಗೆ ಕಾವಲು ಬಿಡುವುದಿಲ್ಲ. ಎರಡು ಮೂರು ಹದ ಮಳೆಯಾಗಿ ತರಗೆಲೆಯ ಕೆಳಗಿನ ಮಣ್ಣು ಕೈಗೆ ಅಂಟುವವರೆಗೂ ಗೋಪುರ ಹತ್ತುತ್ತಲೇ ಇರಬೇಕು. ಆಮೇಲೆ ವಾಕಿಟಾಕಿ, ಮಚ್ಚು ಒಪ್ಪಿಸಿ, ಹಾಜರಾತಿ ತಾಳೆ ನೋಡಿ, ಕೆಲಸ ಮಾಡಿದ್ದಕ್ಕೆ ಒಂದು ಪತ್ರ ಬರೆಸಿಕೊಳ್ಳಿ. ಎಲ್ಲೆಲ್ಲಿ ಬೆಂಕಿ ಬಿತ್ತು, ಯಾವ ಹೊತ್ತಿಗೆ, ಯಾವ ದಾರಿಯಿಂದ ಎಂದು ನಿಮ್ಮ ನೋಟ್‌ಬುಕ್ಕಿನಲ್ಲಿ ಇರುವುದನ್ನು ಬೀಟ್ ಗಾರ್ಡ್ ಜೊತೆ ಕುಳಿತು ನಕ್ಷೆಯ ಮೇಲೆ ಗುರುತು ಹಾಕಿ ಕೊಡಿ. ಡಿಸೆಂಬರ್‌ನಲ್ಲಿ ಹೊಸ ಲೈನ್ ಎಲ್ಲಿಂದ ಕಡಿಯಬೇಕು ಎಂದು ಅವರು ಅದನ್ನೇ ನೋಡಿ ತೀರ್ಮಾನಿಸುತ್ತಾರೆ.