ಕಲ್ಲಿದ್ದಲಿನಿಂದ ದೀಪ ಹಚ್ಚಿದ್ದು

ಕಲ್ಲಿದ್ದಲಿನ ಪಾಠದಲ್ಲಿ, ಅದನ್ನು ಕಾಯಿಸಿ ತೆಗೆದ ಗ್ಯಾಸಿನಿಂದ ಲಂಡನ್ನಿನಲ್ಲಿ ದೀಪ ಉರಿಸಿದ ವಿಷಯ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಈ ವರ್ಷ ಎಂಟನೇ ತರಗತಿಯ ಮಕ್ಕಳೆದುರು ಆ ಗ್ಯಾಸನ್ನೇ ಮಾಡಿ ಉರಿಸಬೇಕೆಂದು ಹಟ ತೊಟ್ಟೆ.

ಮೊದಲ ದಿನ ಮನೆಯಿಂದ ತಂದ ಇದ್ದಿಲು ಕಾಯಿಸಿದೆ. ಏನೂ ಬರಲಿಲ್ಲ. ಬರುವುದಾದರೂ ಹೇಗೆ? ಸೌದೆ ಇದ್ದಿಲಾಗುವಾಗಲೇ ಅದರ ಗ್ಯಾಸೆಲ್ಲ ಹೋಗಿರುತ್ತದೆ. ಮರುದಿನ ಊರಿನ ಕುಲುಮೆಯಿಂದ ಕಲ್ಲಿದ್ದಲು ತಂದು, ಕುಟ್ಟಿ, ಗಟ್ಟಿ ಗಾಜಿನ ಪ್ರನಾಳಕ್ಕೆ ತುಂಬಿದೆ. ಅದಕ್ಕೆ ಬಿರಡೆ, ಬಾಗಿದ ಕೊಳವೆ. ಕೊಳವೆಯ ತುದಿ ನೀರಿದ್ದ ಇನ್ನೊಂದು ಪ್ರನಾಳದಲ್ಲಿ. ಅಲ್ಲಿಂದ ಹೊರಕ್ಕೆ ಸಣ್ಣ ಮೂತಿ. ಕಿಟಕಿಗಳನ್ನೆಲ್ಲ ತೆರೆಸಿದ್ದೆ, ಈ ಗ್ಯಾಸಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಒಳಗಿನ ಗಾಳಿ ಪೂರ್ತಿ ಹೊರಹೋಗುವ ತನಕ ಕಡ್ಡಿ ಗೀರಲಿಲ್ಲ. ಗೀರಿದಾಗ ಮೂತಿಯಲ್ಲಿ ಬೆರಳಿನ ಗೆಣ್ಣಿನಷ್ಟು ಹಳದಿ ಉರಿ! ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದು ಕುಗ್ಗಿ ಆರಿಹೋಯಿತು. ಮೂತಿಯಲ್ಲಿ ಟಾರು ಕಟ್ಟಿಕೊಂಡಿತ್ತು. ಕೂಡಲೇ ಕೊಳವೆಯನ್ನು ನೀರಿನಿಂದ ಎತ್ತಿ, ಆಮೇಲೆ ಬರ್ನರ್ ಆರಿಸಿದೆ. ಈ ಕ್ರಮ ತಪ್ಪಿದರೆ ತಣ್ಣೀರು ಕಾದ ಗಾಜಿಗೆ ನುಗ್ಗಿ ಒಡೆದುಬಿಡುತ್ತದೆ.

ಚರಿತ್ರೆ ಹೇಳಲು ನನಗೆ ಆ ಕಟ್ಟಿದ ಮೂತಿಯೇ ಸಾಕಾಯಿತು. ವಿಲಿಯಂ ಮರ್ಡಾಕ್ 1792ರಲ್ಲೇ ತನ್ನ ಮನೆಯಲ್ಲಿ ಈ ದೀಪ ಉರಿಸಿದ್ದ. 1807ರಲ್ಲಿ ವಿನ್ಸರ್ ಎಂಬ ಉದ್ಯಮಿ ಲಂಡನ್ನಿನ ಪಾಲ್ ಮಾಲ್ ಬೀದಿ ಬೆಳಗಿಸಿದ. ಅವನ ಪ್ರಯತ್ನದಿಂದಲೇ 1812ರಲ್ಲಿ ಗ್ಯಾಸ್ ಲೈಟ್ ಅಂಡ್ ಕೋಕ್ ಕಂಪನಿಗೆ ರಾಜಸನ್ನದು ಸಿಕ್ಕಿತು. ಆದರೆ ನನ್ನ ದೃಷ್ಟಿಯಲ್ಲಿ ಕಂಪನಿ ನೆಲೆನಿಲ್ಲುವಂತೆ ಮಾಡಿದವನು ಅದರ ಎಂಜಿನಿಯರ್ ಸ್ಯಾಮ್ಯುಯೆಲ್ ಕ್ಲೆಗ್. ಗ್ಯಾಸ್ ಮಾಡುವುದಕ್ಕಿಂತ ಅದನ್ನು ತೊಳೆಯುವುದೇ ಕಷ್ಟದ ಕೆಲಸ. ಟಾರನ್ನು ತಣಿಸಿ ಬೇರ್ಪಡಿಸಬೇಕು, ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಅನಿಲವನ್ನು ಸುಣ್ಣದಿಂದ ಹಿಡಿಯಬೇಕು. ಅದನ್ನು ಮಾಡಿದ್ದರಿಂದಲೇ 1813ರ ಡಿಸೆಂಬರ್ 31ರಂದು ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ದೀಪ ಹತ್ತಿತು.

ಮೂರನೇ ದಿನ ನಾನೂ ನಡುವೆ ಒದ್ದೆ ಹತ್ತಿಯ ಒಂದು ಬಾಟಲಿ, ಸುಣ್ಣದ ನೀರಿನ ಒಂದು ಬಾಟಲಿ ಇಟ್ಟೆ. ಕಲ್ಲಿದ್ದಲಿನಿಂದ ಗ್ಯಾಸ್ ಬರುವಷ್ಟು ಹೊತ್ತೂ ಉರಿ ಆರದೆ ಉಳಿಯಿತು.

"ಸಾರ್, ಕಂಪನಿ ಹೆಸರಲ್ಲಿ ಕೋಕ್ ಯಾಕೆ?" ಎಂದಳು ಒಬ್ಬ ಹುಡುಗಿ. ಪ್ರನಾಳದ ತಳ ಕೆರೆದು ಬೂದುಬಣ್ಣದ, ತೂತುತೂತಾದ ಹಗುರ ಗಟ್ಟಿಯನ್ನು ಅವಳ ಕೈಗಿಟ್ಟೆ. ಗ್ಯಾಸ್ ಹೋದ ಮೇಲೆ ಉಳಿಯುವ ಇದೇ ಕೋಕ್. ಕಂಪನಿ ಅದನ್ನೂ ಮಾರಿ ಹಣ ಮಾಡುತ್ತಿತ್ತು. ಸಂಜೆ ಆ ಚೂರುಗಳನ್ನು ಕುಲುಮೆಗೆ ವಾಪಸ್ ಕೊಟ್ಟೆ. ಕಮ್ಮಾರರು ಕೆಂಡದ ಮೇಲೆ ಹಾಕಿ ತಿದಿ ಒತ್ತಿ, "ಹೊಗೇನೇ ಇಲ್ವಲ್ಲ ಮೇಷ್ಟ್ರೇ" ಎಂದರು.