ನೂರು ವರ್ಷದ ವೆಬ್ಲಿ, ನಾಲ್ಕು ವರ್ಷದ ಗ್ಲಾಕ್

"ಗೋಡೆಗೆ ನೇತು ಹಾಕು ಮಾರಾಯ, ಅದರಲ್ಲಿ ಗುರಿ ಕೂರಲ್ಲ." ವೆಬ್ಲಿ ಮಾರ್ಕ್ 6 ರಿವಾಲ್ವರನ್ನು ಮೊದಲ ಸಲ ರೇಂಜಿಗೆ ಒಯ್ದಾಗ ಗೆಳೆಯ ಹೇಳಿದ ಮಾತು. ಆರು ತಿಂಗಳು ಅವನ ಮಾತೇ ನಿಜವಾಗಿತ್ತು. ಅದಕ್ಕೇ ಇದನ್ನು ಬರೆಯುವಾಗ ಖುಷಿ ಸ್ವಲ್ಪ ಜಾಸ್ತಿ.

ನಾನಿರುವುದು ಅರಿಜೋನಾದಲ್ಲಿ. ಗ್ಲಾಕ್ 17 ಅನ್ನುವ ಈ ಕಾಲದ 9 ಎಂಎಂ ಪಿಸ್ತೂಲು ಮೊದಲೇ ಇತ್ತು. ವೆಬ್ಲಿಯ ಈ ಮಾದರಿ ಬ್ರಿಟಿಷ್ ಸೈನ್ಯಕ್ಕೆ ಬಂದದ್ದು 1915ರಲ್ಲಿ. ನನ್ನದರ ಮೇಲೆ 1917 ಅಂತ ಒತ್ತಿದೆ. ಅಂಗಡಿಯವರು ಆಂಟಿಕ್ ಅಂದರು. ಇಲ್ಲಿನ ಕಾನೂನಿಗೆ ಆಂಟಿಕ್ ಅಂದರೆ 1898 ಅಥವಾ ಅದಕ್ಕೂ ಹಿಂದಿನದು. ಹಾಗಾಗಿ ಕಾಗದಪತ್ರವೆಲ್ಲ ಮಾಮೂಲಿನಂತೆಯೇ ಆಯಿತು. ಬೆಲೆ 1,100 ಡಾಲರ್ ಹತ್ತಿರ. ತೋಟಾ ಕೂರುವ ಸಿಲಿಂಡರ್ ಸವೆಸದ ಪೀಸೇ ಬೇಕು ಅಂತ ಹಠ ಹಿಡಿದದ್ದಕ್ಕೆ ಅದರಲ್ಲಿ 200 ಹೆಚ್ಚು ಹೋಯಿತು. ಇಲ್ಲಿಗೆ ಬಂದ ಎಷ್ಟೋ ವೆಬ್ಲಿಗಳ ಸಿಲಿಂಡರಿನ ಹಿಂಭಾಗ ಸವೆಸಿ, .45 ಎಸಿಪಿ ಅನ್ನುವ ಅಮೆರಿಕದ ಪಿಸ್ತೂಲಿನ ತೋಟಾ ಕೂರುವಂತೆ ಮಾಡಿದ್ದಾರೆ. ಕಾರ್ಖಾನೆಯ .45 ಎಸಿಪಿ ಒತ್ತಡ ಈ ಮುದುಕನಿಗೆ ತಡೆಯುವುದಿಲ್ಲ. ಅಗ್ಗ ಅಂತ ಅದಕ್ಕೆ ಬೀಳಬೇಡಿ.

ನಾನು ಜಿಪುಣತನ ಮಾಡಿದ್ದು ಗುಂಡಿನಲ್ಲಿ. ಗ್ಲಾಕ್‌ನ 9 ಎಂಎಂ ತೋಟಾ 50ಕ್ಕೆ 15 ಡಾಲರ್ ಇದ್ದರೆ, ವೆಬ್ಲಿಯ .455 ತೋಟಾ 60 ದಾಟುತ್ತಿತ್ತು. ಗಟ್ಟಿ ಸೀಸದ ಚಪ್ಪಟೆ ತಳದ ಗುಂಡು ತಂದು ಮನೆಯಲ್ಲೇ ತುಂಬಿದೆ. 15 ಗಜದಲ್ಲಿ ಒಂದು ಗೇಣು ಚೆಲ್ಲಾಪಿಲ್ಲಿ. ಕಾಗದದ ಮೇಲೆ ತೂತು ದುಂಡಗಿಲ್ಲ, ಉದ್ದುದ್ದ. ಗುಂಡು ಅಡ್ಡ ತಿರುಗಿ ಹೋಗುತ್ತಿತ್ತು. ಕಣ್ಣನ್ನು ಬೈದೆ, ಕನ್ನಡಕ ಬದಲಿಸಿದೆ. ಗನ್ ರಿಪೇರಿಯವರೊಬ್ಬರು ನಳಿಗೆ ಸವೆದಿದೆ ಅಂದು 150 ತೆಗೆದುಕೊಂಡರು. "ಈ ದುಡ್ಡಿಗೆ ಊರಿಗೆ ಹೋಗಿ ಬರಬಹುದಿತ್ತಲ್ರೀ" ಅಂದಳು ಹೆಂಡತಿ.

ಕೊನೆಗೆ ಮೆತ್ತನೆಯ ಸೀಸದ ತುಂಡನ್ನು ನಳಿಗೆಯಲ್ಲಿ ದೂಡಿ ಅಳೆದೆ. ನಳಿಗೆ .455 ಇಂಚು ಆಸುಪಾಸು, ಸಿಲಿಂಡರಿನ ಬಾಯಿ .450. ನಳಿಗೆ ಸವೆದದ್ದಲ್ಲ, ಇವು ಹುಟ್ಟಿನಿಂದಲೇ ಹೀಗೆ! ಸಿಲಿಂಡರಿನ ಬಾಯಲ್ಲಿ ಸಣ್ಣಗಾದ ಗುಂಡು ನಳಿಗೆಯೊಳಗೆ ಲೊಡಲೊಡ ಅನ್ನುತ್ತಿತ್ತು. ಸೈನ್ಯದ ಗುಂಡು ಮೆತ್ತನೆಯದು, 265 ಗ್ರೇನ್ (ಸುಮಾರು 17 ಗ್ರಾಂ), ತಳ ಟೊಳ್ಳು. ಹಾರಿದಾಗ ತಳ ಅರಳಿ ನಳಿಗೆಯೊಳಗಿನ ಸುರುಳಿ ಗೆರೆಗಳನ್ನು ಕಚ್ಚುತ್ತದೆ. ಅಂಥದ್ದೇ ಅಚ್ಚು ತರಿಸಿದೆ, 130 ಡಾಲರೋ ಏನೋ. ಮೊದಲ ನೂರರಲ್ಲಿ ನಲವತ್ತು ಮತ್ತೆ ಸೀಸ ಕರಗಿಸುವ ಪಾತ್ರೆಗೇ ಹೋದವು, ಟೊಳ್ಳು ಮಾಡುವ ಪಿನ್ ತಣ್ಣಗಿದ್ದರೆ ಹಾಗೇ. ಅದನ್ನು ಬಿಸಿಯಾಗಿ ಇಡುವುದಕ್ಕೆ ಒಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ. ಮದ್ದಿನ ಅಳತೆಯೂ ಅಷ್ಟೇ. ನಿಮ್ಮ ಗನ್ನಿಗೆ ಪುಸ್ತಕ ನೋಡಿ ನೀವೇ ಲೆಕ್ಕ ಹಾಕಿ.

ಆಮೇಲೆ ಅದೇ ರೇಂಜ್, ಅದೇ 15 ಗಜ. ಹ್ಯಾಮರ್ ಎಳೆದಿಟ್ಟು ನಿಧಾನವಾಗಿ ಆರು ಹಾರಿಸಿದೆ. ಎರಡೂವರೆ ಇಂಚಿನೊಳಗೆ ಆರೂ ಕೂತವು. ಅವತ್ತು ನನ್ನ ಗ್ಲಾಕ್ ಮೂರು ಇಂಚು! ಗೆಳೆಯ ಕಾಗದ ತಿರುವಿ ಹಿಂಬದಿಯನ್ನೂ ನೋಡಿದ.

ಬೇಗ ಹಾರಿಸಬೇಕು ಅಂದರೆ ಮಾತೇ ಬೇರೆ. ಡಬಲ್ ಆಕ್ಷನ್‌ನಲ್ಲಿ, ಅಂದರೆ ಹ್ಯಾಮರ್ ಎಳೆದಿಡದೆ, ವೆಬ್ಲಿಯ ಟ್ರಿಗರ್ ಎಳೆಯುವುದು ಬಾವಿಯಿಂದ ತುಂಬಿದ ಕೊಡ ಸೇದಿದ ಹಾಗೆ, ಮೂರನೆಯದಕ್ಕೇ ಗುರಿ ಜಾರುತ್ತದೆ. ಗ್ಲಾಕ್‌ನಲ್ಲಿ ಹದಿನೇಳೂ ಒಂದೇ ಸಮ. ಆದರೆ ಒಂದು ಕಿಲೋ ಮೀರಿದ ತೂಕ, ನಿಧಾನದ ಗುಂಡು, ಎರಡೂ ಸೇರಿ ವೆಬ್ಲಿ ಕೈಗೆ ಹೊಡೆಯುವುದಿಲ್ಲ, ತಳ್ಳುತ್ತದೆ ಅಷ್ಟೇ. ಗ್ಲಾಕ್ ಕೊಂಚ ಚುರುಕಾಗಿ ಕುಟುಕುತ್ತದೆ.

ನಡುವೆ ಸುಮ್ನೆ ಇನ್ನೊಂದು ಹುಚ್ಚು. ಮೊದಲ ಮಹಾಯುದ್ಧದ ಅಧಿಕಾರಿಗಳು ಬಳಸುತ್ತಿದ್ದ ಪ್ರೀಡೋ ಲೋಡರ್ ಆರೂ ತೋಟಾ ಒಟ್ಟಿಗೆ ತುಂಬುತ್ತದೆ. ಅದರ ನಕಲು ಒಂದು ಸಿಕ್ಕಿತು. ವೆಬ್ಲಿಯನ್ನು ಕೀಲಿನಲ್ಲಿ ಬಿಚ್ಚಿ ಬಗ್ಗಿಸಿದರೆ ಖಾಲಿ ತೋಟಾ ತಾನೇ ಹೊರಗೆ ಬರುತ್ತವೆ, ನೋಡುವುದೇ ಚೆಂದ. ಮತ್ತೆ ತುಂಬುವುದಕ್ಕೆ ನನಗೆ ಐದು ಸೆಕೆಂಡು ಹಿಡಿಯಿತು, ಗ್ಲಾಕ್‌ಗೆ ಎರಡು. ಒಂದು ಸಲ ಲೋಡರೇ ಸಿಲಿಂಡರಿಗೆ ಕಚ್ಚಿಕೊಂಡು ಕೂತಿತು. ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಈಗ ಆ ಗೆಳೆಯನೂ ಒಂದು ವೆಬ್ಲಿ ತಂದಿದ್ದಾನೆ, ಅಚ್ಚು ಕೇಳುತ್ತಿದ್ದಾನೆ. ಕೊಡುತ್ತೇನೆ. ಪಿನ್ನಿನ ವಿಷಯ ಮಾತ್ರ ಅವನೇ ಕಂಡುಕೊಳ್ಳಲಿ.